ಸಿಮಿಲಿಪಾಲದ ಕರಿಹುಲಿ ಕಪ್ಪಾಗಿದ್ದು ಹೇಗೆ?

ಕಬಿನಿಯ ಕರಿಚಿರತೆಯ ಫೋಟೊ ನೀವು ನೋಡೇ ಇರ್ತೀರಿ. ಒಡಿಶಾದ ಸಿಮಿಲಿಪಾಲ ಕಾಡಿನ ಕರಿಹುಲಿ ಹಾಗೆ ಮೈಯೆಲ್ಲ ಕಪ್ಪಲ್ಲ. ಅದರ ಪಟ್ಟೆಗಳು ಅಗಲವಾಗಿ ಹರಡಿ ಒಂದಕ್ಕೊಂದು ಕೂಡಿಕೊಂಡಿವೆ. ಬೆನ್ನಿನ ಮೇಲೆ ಮಸಿ ಚೆಲ್ಲಿದ ಹಾಗೆ ಕಾಣುತ್ತದೆ. ನಡುನಡುವೆ ಕೇಸರಿ ಬಣ್ಣ ಸಣ್ಣ ಗೀರುಗಳಾಗಿ ಇಣುಕುತ್ತದೆ.

ಇದರ ಗುಟ್ಟು ಬಿಡಿಸಿದವರು ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನ ಉಮಾ ರಾಮಕೃಷ್ಣನ್, ವಿನಯ್ ಸಾಗರ್ ಮತ್ತು ಸಂಗಡಿಗರು. ಟ್ಯಾಕ್‌ಪೆಪ್ ಎಂಬ ಜೀನ್‌ನಲ್ಲಿ ಡಿಎನ್‌ಎಯ ಒಂದೇ ಒಂದು ಅಕ್ಷರ ಬದಲಾಗಿದೆ ಎಂದು 2021ರಲ್ಲಿ ಅವರು ತೋರಿಸಿದರು. ಮನೆಬೆಕ್ಕಿನ ಮೈಮೇಲಿನ ಪಟ್ಟೆಗಳು ಸುರುಳಿಸುರುಳಿಯಾಗುವುದೂ ಇದೇ ಜೀನ್ ಕೆಟ್ಟಾಗ.

ಬದಲಾದ ಜೀನ್ ತಾಯಿಯಿಂದಲೂ ಬರಬೇಕು, ತಂದೆಯಿಂದಲೂ ಬರಬೇಕು. ಆಗ ಮಾತ್ರ ಮರಿ ಕಪ್ಪಾಗುತ್ತದೆ. ಒಬ್ಬರಿಂದಷ್ಟೇ ಬಂದರೆ ಮರಿ ನೋಡೋಕೆ ಮಾಮೂಲಿ ಹುಲಿಯೇ. ಹಾಗಾಗಿ ಇಂಥ ಮರಿ ಹುಟ್ಟುವುದು ಬಲು ಅಪರೂಪವಾಗಬೇಕಿತ್ತು, ಅಲ್ವಾ? ಆದರೆ ಸಿಮಿಲಿಪಾಲದಲ್ಲಿ ಮೂರು ಹುಲಿಗೆ ಒಂದಕ್ಕಿಂತ ಜಾಸ್ತಿ ಕಪ್ಪು. ದೇಶದ ಬೇರೆ ಯಾವ ಕಾಡಿನ ಹುಲಿಯಲ್ಲೂ ಆ ತಂಡಕ್ಕೆ ಈ ಬದಲಾವಣೆ ಸಿಗಲಿಲ್ಲ.

ದಟ್ಟ ಕಾಡಿನ ನೆರಳಲ್ಲಿ ಕಪ್ಪು ಬಣ್ಣದಿಂದ ಬೇಟೆಗೆ ಅನುಕೂಲವಾಗಿರಬಹುದು ಎಂಬ ಮಾತೂ ಇದೆ. ನನಗೆ ಹೆಚ್ಚು ಒಪ್ಪಿಗೆಯಾಗುವುದು ಇನ್ನೊಂದು ಕಾರಣ. ಇಲ್ಲಿನ ಹುಲಿಗಳಿಗೆ ಹತ್ತಿರದ ನೆಂಟರಿರುವುದೇ ಸುಮಾರು 800 ಕಿ.ಮೀ. ಆಚೆ. ಕೆಲವೇ ಹುಲಿಗಳಿಂದ ಬೆಳೆದ ಸಂಸಾರ ಇದು. ಹೊರಗಿನಿಂದ ಗಂಡೂ ಬರಲಿಲ್ಲ, ಹೆಣ್ಣೂ ಬರಲಿಲ್ಲ. ಒಳಗೊಳಗೇ ಸಂಬಂಧ ಬೆಳೆದು ಅಪರೂಪದ ಜೀನ್ ಮನೆಮನೆಗೂ ಹರಡಿತು. ಬಣ್ಣ ಕಣ್ಣಿಗೆ ಬೀಳುತ್ತದೆ, ಸರಿ. ಆದರೆ ರೋಗ ತಡೆಯುವ ಶಕ್ತಿ, ಮರಿ ಉಳಿಯುವ ಬಲ ಇದೇ ದಾರಿಯಲ್ಲಿ ಕುಗ್ಗಿದರೆ ಕ್ಯಾಮೆರಾದಲ್ಲಿ ಕಾಣುವುದಿಲ್ಲ. ನನಗೆ ಭಯ ಅದೇ.

ಹೊರಗಿನ ಜೀನ್‌ಗಳು ಸೇರಲಿ ಎಂದೇ 2024ರ ಕೊನೆಯಲ್ಲಿ ಮಹಾರಾಷ್ಟ್ರದ ತಾಡೋಬಾದಿಂದ ಜಮುನಾ, ಜೀನತ್ ಎಂಬ ಎರಡು ಹೆಣ್ಣುಹುಲಿಗಳನ್ನು ಅಲ್ಲಿಗೆ ತಂದರು. ಜೀನತ್ ನಿಲ್ಲಲಿಲ್ಲ. ಜಾರ್ಖಂಡ್ ದಾಟಿ ಪಶ್ಚಿಮ ಬಂಗಾಳದ ಬಾಂಕುಡಾವರೆಗೆ ನಡೆದುಬಿಟ್ಟಳು. ಡಿಸೆಂಬರ್ ಕೊನೆಗೆ ಅರಿವಳಿಕೆ ಕೊಟ್ಟು ಹಿಡಿದು ವಾಪಸ್ ತರಬೇಕಾಯಿತು. ಇಂಥ ಹೊರಗಿನ ಹೆಣ್ಣಿಗೆ ಕರಿಹುಲಿಯಿಂದಲೇ ಮರಿಯಾದರೂ ಅವೆಲ್ಲ ಮಾಮೂಲಿ ಪಟ್ಟೆಯವೇ ಆಗಿರುತ್ತವೆ. ಕರಿಹುಲಿ ನೋಡಲೆಂದೇ ಹೋದವರಿಗೆ ಬೇಸರವಾಗಬಹುದು. ಸಿಮಿಲಿಪಾಲಕ್ಕೆ ಈಗ ಬೇಕಿರುವುದು ಆ ಮರಿಗಳೇ.