ಮೃದ್ವಸ್ಥಿ ಅಂದರೆ ಮೆತ್ತಗಿನ ಮೂಳೆಯೇ?

ಒಂದು ವರ್ಷದ ಮಗುವಿನ ಕೈಯ ಎಕ್ಸ್‌ರೇ ನೋಡಿದ್ದೀರಾ? ಮೊದಲ ಸಲ ನೋಡಿದವರಿಗೆ ಸ್ವಲ್ಪ ಗಾಬರಿಯೇ ಆಗುತ್ತದೆ. ಬೆರಳಿನ ಮೂಳೆಗಳು ಒಂದಕ್ಕೊಂದು ತಾಗದೆ ಗಾಳಿಯಲ್ಲಿ ತೇಲುತ್ತಿರುವ ಹಾಗೆ ಕಾಣುತ್ತವೆ. ಮಣಿಕಟ್ಟಿನಲ್ಲಂತೂ ಎಂಟು ಮೂಳೆ ಇರಬೇಕಾದ ಕಡೆ ಸಾಮಾನ್ಯವಾಗಿ ಎರಡೇ ಎರಡು ಚುಕ್ಕೆ. ಮಿಕ್ಕಿದ್ದೆಲ್ಲ ಖಾಲಿ. ನಿಜಕ್ಕೂ ಅಲ್ಲಿ ಖಾಲಿ ಏನೂ ಇಲ್ಲ. ಆ ಜಾಗದ ತುಂಬ ಮೃದ್ವಸ್ಥಿ ಇದೆ. ಅದರಲ್ಲಿ ಕ್ಯಾಲ್ಸಿಯಂ ಕೂತಿಲ್ಲ, ಹಾಗಾಗಿ ಕಿರಣಗಳು ಅದನ್ನು ಸಲೀಸಾಗಿ ದಾಟಿ ಹೋಗುತ್ತವೆ, ಚಿತ್ರದಲ್ಲಿ ಅದು ಕಾಣುವುದಿಲ್ಲ. ವರ್ಷಗಳು ಕಳೆದ ಹಾಗೆ ಚುಕ್ಕೆಗಳು ಒಂದೊಂದಾಗಿ ಮೂಡುತ್ತವೆ. ಎಂಟನೆಯದು ಕಾಣಿಸುವ ಹೊತ್ತಿಗೆ ಮಗುವಿಗೆ ಹತ್ತು ವರ್ಷದ ಆಸುಪಾಸು. ಎಳೆ ಮಗುವಿಗೆ ಮಂಡಿಚಿಪ್ಪೇ ಇರುವುದಿಲ್ಲ ಅನ್ನುವ ಮಾತು ಹುಟ್ಟಿದ್ದೂ ಹೀಗೆಯೇ. ಚಿಪ್ಪು ಇರುತ್ತದೆ, ಮೃದ್ವಸ್ಥಿಯದ್ದಾಗಿರುತ್ತದೆ.

ಈ ಪದವನ್ನು ಬಿಡಿಸಿದರೆ ಮೃದು, ಅಸ್ಥಿ. ಕೆಲವರು ಮೆಲ್ಲೆಲುಬು ಎನ್ನುತ್ತಾರೆ, ಅರ್ಥ ಅದೇ. ಮುಟ್ಟಿ ನೋಡಿ ಇಟ್ಟ ಹೆಸರು. ಕಿವಿಯ ಮೇಲಂಚನ್ನು ಮಡಚಿ ಬಿಡಿ, ಪಟ್ಟನೆ ಮೊದಲಿನ ಹಾಗೆ ನಿಲ್ಲುತ್ತದೆ. ಅದು ಮೃದ್ವಸ್ಥಿಯ ಕೆಲಸ. ಕೆಳಗಿನ ಹಾಲೆಯಲ್ಲಿ ಅದಿಲ್ಲ, ಹಾಲೆ ಜೋತಾಡುತ್ತದೆ. ಮುಟ್ಟಿದಾಗ ಹೆಸರು ಸರಿಯೇ, ಆದರೆ ಹೆಸರು ಮನಸ್ಸಿನಲ್ಲಿ ಮೂಡಿಸುವ ಚಿತ್ರ ದಾರಿ ತಪ್ಪಿಸುತ್ತದೆ. ಮೆತ್ತಗಿನ ಮೂಳೆ ಅಂದರೆ ಇನ್ನೂ ಬಲಿಯದ ಮೂಳೆ, ಮುಂದೆ ಗಟ್ಟಿಯಾಗಿ ಮೂಳೆಯೇ ಆಗುವಂಥದ್ದು ಅಂತ ಅನ್ನಿಸಿಬಿಡುತ್ತದೆ. ನಾನೂ ಬಹಳ ಕಾಲ ಹಾಗೇ ತಿಳಿದಿದ್ದೆ. ಅದರ ಬೆನ್ನಿಗೇ ಇನ್ನೊಂದು ಊಹೆ ಬರುತ್ತದೆ. ಶಾರ್ಕ್ ಮೀನಿನ ಅಸ್ಥಿಪಂಜರ ಪೂರ್ತಿ ಮೃದ್ವಸ್ಥಿಯದ್ದು, ಅಂದಮೇಲೆ ಅದು ಮೂಳೆಯ ಹಂತಕ್ಕೆ ಇನ್ನೂ ಬಂದಿಲ್ಲದ ಪ್ರಾಣಿ. ಈ ಎರಡೂ ತಿಳಿವಳಿಕೆ ತಪ್ಪು.

ಮೊದಲು ಎರಡನ್ನೂ ಹತ್ತಿರದಿಂದ ನೋಡೋಣ. ಮೃದ್ವಸ್ಥಿಯ ತೂಕದಲ್ಲಿ ಜಾಸ್ತಿ ಪಾಲು ಬರೀ ನೀರು. ಕೀಲುಗಳಲ್ಲಿರುವ ಮೃದ್ವಸ್ಥಿಯಲ್ಲಿ ಅದು 70 ಶೇಕಡಾದ ಹತ್ತಿರ. ಆ ನೀರನ್ನು ಹಿಡಿದಿಡುವ ದೊಡ್ಡ ದೊಡ್ಡ ಅಣುಗಳಿವೆ, ಅವನ್ನು ಬಿಗಿದಿಡಲು ಕೊಲಾಜನ್ ಎಂಬ ಪ್ರೋಟೀನಿನ ನೂಲುಗಳಿವೆ. ನಡುವೆ ಅಲ್ಲಲ್ಲಿ ಸಣ್ಣ ಗೂಡುಗಳಲ್ಲಿ ಜೀವಕೋಶಗಳು ಕೂತಿರುತ್ತವೆ. ರಕ್ತನಾಳವಿಲ್ಲ, ನರವೂ ಇಲ್ಲ. ಜೀವಕೋಶಕ್ಕೆ ಬೇಕಾದದ್ದೆಲ್ಲ ಆ ನೀರಿನ ಮೂಲಕ ಮೆಲ್ಲಗೆ ಒಸರಿ ಬರಬೇಕು. ಮಂಡಿಯ ಮೃದ್ವಸ್ಥಿ ಸವೆದರೆ ಸುಲಭಕ್ಕೆ ಸರಿಹೋಗದಿರಲು ಇದೂ ಒಂದು ಕಾರಣ.

ಮೂಳೆಯ ಕತೆಯೇ ಬೇರೆ. ಅಲ್ಲಿಯೂ ಕೊಲಾಜನ್ ಇದೆ, ಆದರೆ ಬೇರೆ ಬಗೆಯದ್ದು. ಅದರ ಮೇಲೆ ಕ್ಯಾಲ್ಸಿಯಂ ಮತ್ತು ರಂಜಕದ ಹರಳುಗಳು ಒತ್ತೊತ್ತಾಗಿ ಕೂತಿರುತ್ತವೆ. ತೂಕದ ಸುಮಾರು ಮೂರನೇ ಎರಡು ಪಾಲು ಈ ಹರಳುಗಳದ್ದೇ. ಒಳಗೆಲ್ಲ ರಕ್ತನಾಳ, ನರ. ಜೀವಕೋಶಗಳು ಕೂದಲೆಳೆಗಿಂತ ಸಣ್ಣ ಕಾಲುವೆಗಳಲ್ಲಿ ಒಂದನ್ನೊಂದು ಮುಟ್ಟಿಕೊಂಡಿರುತ್ತವೆ. ಕಟ್ಟುವ ಕೋಶಗಳು ಬೇರೆ, ಕರಗಿಸುವ ಕೋಶಗಳು ಬೇರೆ. ಎರಡೂ ಸೇರಿ ಬದುಕಿಡೀ ಮೂಳೆಯನ್ನು ಕೆಡವಿ ಕಟ್ಟುತ್ತಲೇ ಇರುತ್ತವೆ. ಒಂದೇ ವಸ್ತುವಿನ ಮೆತ್ತಗಿನ ರೂಪ, ಗಟ್ಟಿ ರೂಪ ಅನ್ನುವ ಹಾಗೆಯೇ ಇಲ್ಲ, ಅಲ್ವಾ?

ಹಾಗಿದ್ದರೆ ಭ್ರೂಣದಲ್ಲಿ ಮೊದಲು ಮೃದ್ವಸ್ಥಿ ಯಾಕೆ? ನೇರವಾಗಿ ಮೂಳೆಯನ್ನೇ ಮಾಡಬಹುದಿತ್ತಲ್ಲ? ಇದಕ್ಕೆ ಉತ್ತರದ ಜಾಡು ಸಿಕ್ಕಿದ್ದು ಒಂದು ಕೋಳಿಮರಿಯ ಕಾಲಿನಲ್ಲಿ. 1727ರಲ್ಲಿ ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್ ಎಂಬ ಪಾದ್ರಿ ಒಂದು ಪ್ರಯೋಗದ ಬಗ್ಗೆ ಬರೆದರು. ಅರ್ಧ ಬೆಳೆದ ಕೋಳಿಮರಿಯ ಕಾಲಿನ ಮೂಳೆಗೆ ಅರ್ಧ ಇಂಚಿನ ಅಂತರದಲ್ಲಿ ಎರಡು ಸಣ್ಣ ತೂತು ಕೊರೆದಿದ್ದರು. ಎರಡು ತಿಂಗಳ ನಂತರ ನೋಡಿದರೆ ಮೂಳೆ ಒಂದು ಇಂಚು ಉದ್ದವಾಗಿತ್ತು. ತೂತುಗಳ ನಡುವಿನ ಅಂತರ ಮಾತ್ರ ಅದೇ ಅರ್ಧ ಇಂಚು. ಅಂದರೆ ಮೂಳೆ ನಡುವಿನಲ್ಲಿ ಹಿಗ್ಗುವುದೇ ಇಲ್ಲ. ಉದ್ದವಾಗುವುದೆಲ್ಲ ತುದಿಗಳ ಕಡೆ.

ಕಾರಣ ಸರಳ. ಗಟ್ಟಿಯಾದ ಮೂಳೆಯೊಳಗೆ ಸಿಕ್ಕಿಕೊಂಡ ಜೀವಕೋಶ ಎರಡಾಗಿ ಒಡೆದು ಜಾಗ ಮಾಡಿಕೊಳ್ಳಲಾರದು. ಗೋಡೆಗೆ ಗಾರೆ ಮೆತ್ತಿದ ಹಾಗೆ ಹೊರಗಿನಿಂದ ಪದರ ಸೇರಿಸಿ ದಪ್ಪ ಮಾಡಬಹುದು, ಅಷ್ಟೆ. ಮೃದ್ವಸ್ಥಿ ಹಾಗಲ್ಲ. ಅದರ ಕೋಶಗಳು ಒಳಗೇ ಒಡೆದು, ಸುತ್ತ ಹೊಸ ಸರಕು ತುಂಬಿ, ಇಡೀ ತುಂಡನ್ನು ಒಳಗಿನಿಂದಲೇ ಹಿಗ್ಗಿಸಬಲ್ಲವು. ಅಕ್ಕಿಕಾಳಿಗಿಂತ ಸಣ್ಣದಾದ ಒಂದು ತೊಡೆಮೂಳೆ ಆಕಾರ ಕೆಡದೆ ಬೆಳೆದು ದೊಡ್ಡದಾಗಬೇಕಾದರೆ ಇಂಥದ್ದೊಂದು ವಸ್ತು ಬೇಕೇ ಬೇಕು. ಮೃದ್ವಸ್ಥಿಯ ಹೆಚ್ಚುಗಾರಿಕೆ ಇರುವುದು ಇಲ್ಲಿ. ಬಲಿಯದೆ ಉಳಿದಿದೆ ಅಂತ ಅದನ್ನು ಕೀಳಾಗಿ ನೋಡುವ ಹಾಗಿಲ್ಲ.

ಈಗ ಮುಖ್ಯ ವಿಷಯ. ಈ ಮೃದ್ವಸ್ಥಿ ಗಟ್ಟಿಯಾಗಿ ಮೂಳೆಯಾಗುವುದಿಲ್ಲ. ಜಾಗ ಬಿಟ್ಟುಕೊಡುತ್ತದೆ. ಮನುಷ್ಯರ ಭ್ರೂಣದಲ್ಲಿ ಎಂಟನೇ ವಾರದ ಸುಮಾರಿಗೆ ತೊಡೆಮೂಳೆಯ ಅಚ್ಚಿನ ನಟ್ಟನಡುವೆ ಕೋಶಗಳು ಊದಿಕೊಳ್ಳುತ್ತವೆ. ತಮ್ಮ ಸುತ್ತ ಸ್ವಲ್ಪ ಕ್ಯಾಲ್ಸಿಯಂ ಕೂರಿಸುತ್ತವೆ. ಅಷ್ಟು ದಿನ ರಕ್ತನಾಳವನ್ನು ಹತ್ತಿರ ಬಿಡದಿದ್ದ ಜಾಗದಿಂದ ಈಗ ರಕ್ತನಾಳಕ್ಕೆ ರಾಸಾಯನಿಕ ಕರೆ ಹೋಗುತ್ತದೆ. ನಾಳ ಒಳಗೆ ನುಗ್ಗುತ್ತದೆ. ಅದರ ಜೊತೆ ಕರಗಿಸುವ ಕೋಶಗಳು ಬರುತ್ತವೆ, ಕಟ್ಟುವ ಕೋಶಗಳೂ ಬರುತ್ತವೆ. ಮೃದ್ವಸ್ಥಿ ಕರಗುತ್ತಾ ಹೋಗುತ್ತದೆ, ಅದರ ಚೂರುಗಳನ್ನೇ ಆಧಾರ ಮಾಡಿಕೊಂಡು ಮೂಳೆ ಏಳುತ್ತದೆ.

ಮೇಣದ ಅಚ್ಚಿನಲ್ಲಿ ಎರಕ ಹೊಯ್ಯುವುದನ್ನು ನೆನೆಸಿಕೊಳ್ಳಿ. ಮೇಣ ಲೋಹವಾಗುವುದಿಲ್ಲ. ಕರಗಿ ಹೋಗಿ ತನ್ನ ಆಕಾರವನ್ನು ಲೋಹಕ್ಕೆ ಬಿಟ್ಟುಹೋಗುತ್ತದೆ. ಈ ಹೋಲಿಕೆ ಎರಡು ಕಡೆ ಸಾಲದು. ಒಂದು, ಇಲ್ಲಿ ನಡುವೆ ಎರಕ ನಡೆಯುತ್ತಿರುವಾಗಲೇ ತುದಿಗಳಲ್ಲಿ ಅಚ್ಚು ಇನ್ನೂ ಬೆಳೆಯುತ್ತಿರುತ್ತದೆ. ಇನ್ನೊಂದು, ಊದಿಕೊಂಡ ಕೋಶಗಳೆಲ್ಲ ಸಾಯುವುದಿಲ್ಲ. ಕೆಲವು ಬದುಕಿ ಉಳಿದು ಮೂಳೆ ಕಟ್ಟುವ ಕೋಶಗಳಾಗಿ ಬದಲಾಗುತ್ತವೆ ಎನ್ನುವುದು ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಗೊತ್ತಾಗಿದೆ. ಕೋಶ ಉಳಿದರೂ ಅದು ಕಟ್ಟಿದ ಮೃದ್ವಸ್ಥಿ ಉಳಿಯುವುದಿಲ್ಲ.

ತುದಿಯ ಹತ್ತಿರ ಉಳಿಯುವ ಮೃದ್ವಸ್ಥಿಯ ಪಟ್ಟಿಗೆ ಗ್ರೋತ್ ಪ್ಲೇಟ್ ಅನ್ನುತ್ತಾರೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನಾಣ್ಯಗಳನ್ನು ಒಂದರ ಮೇಲೊಂದು ಪೇರಿಸಿದ ಹಾಗೆ ಕೋಶಗಳ ಸಾಲು. ಮಕ್ಕಳು ಎತ್ತರವಾಗುವುದು ಈ ಪಟ್ಟಿಯಿಂದ. ಹದಿಹರೆಯದ ಕೊನೆಗೆ ಅದು ಮುಚ್ಚಿಹೋಗುತ್ತದೆ. ಮುಚ್ಚಿಸುವುದು ಹೆಣ್ಣಿನ ಹಾರ್ಮೋನ್ ಎಂದೇ ಹೆಸರಾದ ಈಸ್ಟ್ರೋಜನ್, ಹುಡುಗರಲ್ಲಿಯೂ ಅದೇ. ಈಸ್ಟ್ರೋಜನ್ನಿಗೆ ಸ್ಪಂದಿಸದ ದೇಹವಿದ್ದ 28 ವರ್ಷದ ಒಬ್ಬ ಗಂಡಸಿನ ಬಗ್ಗೆ 1994ರಲ್ಲಿ ವೈದ್ಯರು ವರದಿ ಮಾಡಿದ್ದರು. ಆತನ ಎತ್ತರ 204 ಸೆಂಟಿಮೀಟರ್. ಗ್ರೋತ್ ಪ್ಲೇಟ್ ಇನ್ನೂ ತೆರೆದೇ ಇತ್ತು, ಆತ ಇನ್ನೂ ಎತ್ತರವಾಗುತ್ತಲೇ ಇದ್ದ.

ಎಲ್ಲ ಮೂಳೆಗೂ ಈ ಅಚ್ಚು ಬೇಕಾಗಿಲ್ಲ ಅನ್ನುವುದೂ ತಿಳಿದಿರಬೇಕು. ತಲೆಬುರುಡೆಯ ಚಾವಣಿ, ಮುಖದ ಬಹುತೇಕ ಮೂಳೆಗಳು, ಕೊರಳೆಲುಬಿನ (ಕಾಲರ್ ಬೋನ್) ಹೆಚ್ಚಿನ ಭಾಗ, ಇವೆಲ್ಲ ಮೃದ್ವಸ್ಥಿಯ ಹಂಗಿಲ್ಲದೆ ನೇರವಾಗಿ ತೆಳುಪೊರೆಯಲ್ಲೇ ಹುಟ್ಟುತ್ತವೆ. ಮಗುವಿನ ನೆತ್ತಿಯ ಮೇಲೆ ಮಿಡಿಯುವ ಮೆತ್ತಗಿನ ಜಾಗ ಇದೆಯಲ್ಲ, ಅಲ್ಲಿ ಇರುವುದು ಇಂಥ ಪೊರೆಯೇ. ಅದನ್ನು ಮೃದ್ವಸ್ಥಿ ಅಂದುಕೊಳ್ಳಬಾರದು. ಎರಡು ದಾರಿ ಬೇರೆ ಬೇರೆ ಎನ್ನುವುದಕ್ಕೆ ದೇಹವೇ ಸಾಕ್ಷಿ ಕೊಡುತ್ತದೆ. ಅಕಾಂಡ್ರೋಪ್ಲೇಸಿಯಾ ಎಂಬ ಸ್ಥಿತಿಯಲ್ಲಿ ಒಂದು ಜೀನಿನ ಬದಲಾವಣೆಯಿಂದ ಗ್ರೋತ್ ಪ್ಲೇಟಿನ ಕೆಲಸ ನಿಧಾನವಾಗುತ್ತದೆ. ಕೈಕಾಲು ಗಿಡ್ಡವಾಗುತ್ತವೆ. ತಲೆಬುರುಡೆಯ ಚಾವಣಿ ಮಾತ್ರ ಚೆನ್ನಾಗಿಯೇ ಬೆಳೆಯುತ್ತದೆ, ಯಾಕೆಂದರೆ ಅದರ ದಾರಿಯಲ್ಲಿ ಮೃದ್ವಸ್ಥಿ ಬರುವುದೇ ಇಲ್ಲ. ಇನ್ನೊಂದು ಕಡೆ, 1997ರಲ್ಲಿ ವಿಜ್ಞಾನಿಗಳು ರನ್‌ಎಕ್ಸ್2 ಎಂಬ ಜೀನ್ ಇಲ್ಲದ ಇಲಿಗಳನ್ನು ಬೆಳೆಸಿದರು. ಅವುಗಳ ಮೈಯಲ್ಲಿ ಮೂಳೆ ಕಟ್ಟುವ ಕೋಶಗಳೇ ಹುಟ್ಟಲಿಲ್ಲ. ಆದರೂ ಕೈಕಾಲು, ಪಕ್ಕೆಲುಬು, ಬೆನ್ನೆಲುಬಿನ ಸಾಲು, ಎಲ್ಲವೂ ಮೃದ್ವಸ್ಥಿಯಲ್ಲಿ ಅಚ್ಚುಕಟ್ಟಾಗಿ ಇದ್ದವು. ಪಕ್ಕೆಲುಬಿಗೆ ಬಲವಿಲ್ಲದೆ ಉಸಿರಾಡಲಾಗದೆ ಮರಿಗಳು ಹುಟ್ಟಿದ ಕೂಡಲೇ ಸತ್ತವು. ಆ ಪುಟ್ಟ ಅಸ್ಥಿಪಂಜರದ ಚಿತ್ರ ಮರೆಯುವಂಥದ್ದಲ್ಲ. ಮೃದ್ವಸ್ಥಿಗೆ ಬಣ್ಣ ಕೊಡುವ ನೀಲಿ ಎಲ್ಲೆಲ್ಲೂ ಇದೆ, ಮೂಳೆಗೆ ಬಣ್ಣ ಕೊಡುವ ಕೆಂಪು ಕಾಣುವುದೇ ಇಲ್ಲ ಅನ್ನಬೇಕು.

ದೊಡ್ಡವರ ಮೈಯಲ್ಲೂ ಈ ದಾರಿ ಮರೆತುಹೋಗಿರುವುದಿಲ್ಲ. ಕಾಲು ಮುರಿದಾಗ ಮುರಿದ ಜಾಗದಲ್ಲಿ ಮೊದಲು ಮೃದ್ವಸ್ಥಿಯ ಗಂಟು ಬೆಳೆಯುತ್ತದೆ, ಆಮೇಲೆ ಅದನ್ನು ಕರಗಿಸಿ ಮೂಳೆ ಬರುತ್ತದೆ. ಹೊಟ್ಟೆಯೊಳಗಿದ್ದಾಗ ನಡೆದದ್ದೇ ಮತ್ತೊಮ್ಮೆ.

ಇನ್ನು ವಿಕಾಸದ ವಿಷಯ. ಮಗುವಿನಲ್ಲಿ ಮೃದ್ವಸ್ಥಿ ಮೊದಲು, ಮೂಳೆ ಆಮೇಲೆ. ಹಾಗಾದರೆ ಜೀವಿಗಳ ಚರಿತ್ರೆಯಲ್ಲೂ ಮೀನಿನ ಮೃದ್ವಸ್ಥಿಯೇ ಕಾಲಕ್ರಮದಲ್ಲಿ ಗಟ್ಟಿಯಾಗಿ ಮೂಳೆಯಾಯಿತು ಅಂತ ಸುಮ್ನೆ ಹೇಳಿಬಿಡಬಹುದಾ? ಬಂಡೆಗಳು ಬೇರೆಯೇ ಹೇಳುತ್ತವೆ. ಮೃದ್ವಸ್ಥಿ ಹಳೆಯದು, ನಿಜ. ಬೆನ್ನೆಲುಬೇ ಇಲ್ಲದ ಸ್ಕ್ವಿಡ್, ಆಕ್ಟೋಪಸ್‌ಗಳ ತಲೆಯಲ್ಲೂ ಅಂಥದ್ದು ಇದೆ. ಲ್ಯಾಂಪ್ರೇ, ಹ್ಯಾಗ್‌ಫಿಶ್ ಎಂಬ ದವಡೆಯಿಲ್ಲದ ಮೀನುಗಳಲ್ಲಿ ಇಂದಿಗೂ ಮೂಳೆಯಿಲ್ಲ. ಆದರೆ ಮೂಳೆ ಮೊದಲು ಕಾಣಿಸಿಕೊಂಡದ್ದು ಮೈಯ ಒಳಗಲ್ಲ, ಚರ್ಮದಲ್ಲಿ. ಬೊಲಿವಿಯಾದಲ್ಲಿ ಸಿಕ್ಕ ಸಕಬಾಂಬಾಸ್ಪಿಸ್ ಎಂಬ ದವಡೆಯಿಲ್ಲದ ಮೀನು ಸುಮಾರು 46 ಕೋಟಿ ವರ್ಷ ಹಿಂದಿನದು. ಅದರ ತಲೆಯ ಮೇಲೆ ಮೂಳೆಯ ಫಲಕಗಳ ಕವಚ ಇತ್ತು. ಅಂದರೆ ನೇರವಾಗಿ ಪೊರೆಯಲ್ಲಿ ಹುಟ್ಟುವ ಮೂಳೆಯೇ ಹಿರಿಯದು. ನಮ್ಮ ತಲೆಬುರುಡೆಯ ಚಾವಣಿ ಆ ಹಳೆಯ ಕವಚದ ವಂಶದ್ದು. ಒಳಗಿನ ಮೃದ್ವಸ್ಥಿಯ ಸುತ್ತ ಮೂಳೆಯ ಹೊದಿಕೆ ಬಂದದ್ದು ಆಮೇಲೆ, ಮೃದ್ವಸ್ಥಿಯನ್ನು ತೆಗೆದು ಒಳಗೆಲ್ಲ ಮೂಳೆ ತುಂಬುವ ಪದ್ಧತಿ ಬಂದದ್ದು ಇನ್ನೂ ಆಮೇಲೆ.

ಶಾರ್ಕ್‌ಗಳು ಈ ಕೊನೆಯ ಹೆಜ್ಜೆಗಿಂತ ಮೊದಲೇ ಕವಲೊಡೆದವು, ಹಾಗಾಗಿ ಅವುಗಳಿಗೆ ಒಳಗಿನ ಮೂಳೆ ಬರಲೇ ಇಲ್ಲ ಎಂದು ಬಹಳ ಕಾಲ ನಂಬಿಕೆಯಿತ್ತು. 2020ರಲ್ಲಿ ಮಂಗೋಲಿಯಾದ ಒಂದು ಪಳೆಯುಳಿಕೆಯ ವಿವರ ಪ್ರಕಟವಾಯಿತು. ಹೆಸರು ಮಿಂಜಿನಿಯಾ, ವಯಸ್ಸು ಸುಮಾರು 41 ಕೋಟಿ ವರ್ಷ. ಶಾರ್ಕ್‌ಗಳೂ ಮೂಳೆಮೀನುಗಳೂ ಬೇರೆಯಾಗುವ ಮೊದಲೇ ಕವಲೊಡೆದ ವಂಶದ್ದು ಈ ಮೀನು. ಅದರ ಬುರುಡೆಯ ಒಳಗೆ ಜಾಲರಿಯಂಥ ಮೂಳೆ ತುಂಬಿತ್ತು. ಹಾಗಿದ್ದರೆ ಶಾರ್ಕ್‌ಗಳ ಪೂರ್ವಜರಲ್ಲೂ ಮೂಳೆ ಇದ್ದಿರುವ ಸಾಧ್ಯತೆಯೇ ಹೆಚ್ಚು, ಆಮೇಲೆ ಅದು ಬಿಟ್ಟುಹೋಯಿತು. ನನಗೆ ಇದು ಒಪ್ಪಿಗೆಯಾಗುವ ಮಾತು, ಯಾಕೆಂದರೆ ಹೊರಗಿನ ಕವಚವನ್ನು ಶಾರ್ಕ್‌ಗಳು ಕಳೆದುಕೊಂಡಿವೆ ಎನ್ನುವುದು ಮೊದಲೇ ಗೊತ್ತಿತ್ತು. ಸ್ಟರ್ಜನ್ ಮೀನುಗಳೂ ಇದೇ ದಾರಿ ಹಿಡಿದಿವೆ. ಮೂಳೆಮೀನುಗಳ ಗುಂಪಿಗೆ ಸೇರಿದ್ದರೂ ಅವುಗಳ ಅಸ್ಥಿಪಂಜರ ಈಗ ಬಹುಪಾಲು ಮೃದ್ವಸ್ಥಿಯೇ. ಶಾರ್ಕಿನ ಮೃದ್ವಸ್ಥಿ ಮೆತ್ತಗೂ ಇಲ್ಲ. ಅದರ ಮೇಲ್ಮೈಯಲ್ಲಿ ಕ್ಯಾಲ್ಸಿಯಂ ತುಂಬಿದ ಪುಟ್ಟ ಪುಟ್ಟ ಬಿಲ್ಲೆಗಳು ಹೆಂಚು ಜೋಡಿಸಿದ ಹಾಗೆ ಕೂತಿವೆ. ಹಗುರ, ಬಳುಕುತ್ತದೆ, ಬಲವಾಗಿಯೂ ಇದೆ.

ಎರಡೂ ಕತೆಗಳು ಒಂದೆಡೆ ಸೇರುವ ಜಾಗ ನಮ್ಮ ಕೆಳದವಡೆ. ಭ್ರೂಣದಲ್ಲಿ ಅಲ್ಲಿ ಮೆಕೆಲ್ಸ್ ಕಾರ್ಟಿಲೇಜ್ ಎಂಬ ಮೃದ್ವಸ್ಥಿಯ ಕಂಬಿ ಬೆಳೆಯುತ್ತದೆ. ಶಾರ್ಕಿನಲ್ಲಿ ಅದೇ ಕೆಳದವಡೆ. ನಮ್ಮಲ್ಲಿ ದವಡೆಯ ಮೂಳೆ ಆ ಕಂಬಿಯ ಪಕ್ಕದಲ್ಲಿ, ಪೊರೆಯಲ್ಲಿ, ತನ್ನ ಪಾಡಿಗೆ ತಾನು ಹುಟ್ಟುತ್ತದೆ. ಕಂಬಿಯ ಮುಂದಿನ ಭಾಗ ಬಹುಮಟ್ಟಿಗೆ ಮಾಯವಾಗುತ್ತದೆ. ಹಿಂದಿನ ತುದಿ ಕಿವಿಯೊಳಕ್ಕೆ ಸೇರಿ ಸುತ್ತಿಗೆಯಾಕಾರದ ಪುಟ್ಟ ಮೂಳೆಯಾಗುತ್ತದೆ. ಅದರ ಪಕ್ಕದ ಅಡಿಗಲ್ಲಿನಾಕಾರದ ಮೂಳೆಯೂ ಹಾಗೇ ಹಳೇ ದವಡೆಯದ್ದು. ನಮ್ಮ ದೂರದ ಪೂರ್ವಜರ ದವಡೆಯ ಕೀಲು ಇದ್ದದ್ದು ಈ ಎರಡರ ನಡುವೆ. ಇದನ್ನು ಭ್ರೂಣಗಳನ್ನು ನೋಡಿಯೇ ಜರ್ಮನಿಯ ಅಂಗರಚನಾ ವಿಜ್ಞಾನಿ ರೀಶರ್ಟ್ 1837ರಲ್ಲಿ ಗುರುತಿಸಿದ್ದರು. ಅಂದಿನ ಆ ಕೀಲು ಇಂದಿಗೂ ಸುತ್ತಿಗೆ ಮತ್ತು ಅಡಿಗಲ್ಲಿನ ನಡುವೆ ಹಾಗೇ ಇದೆ. ಅಗಿಯುವ ಕೆಲಸ ತಪ್ಪಿದೆ, ಈಗ ಅದು ಸದ್ದನ್ನು ದಾಟಿಸುತ್ತದೆ.