ಬಾಕಿ ಇಟ್ಟವರೇ ತೀರ್ಪುಗಾರರು: ಅಮೆರಿಕದ ಮೊದಲ ಶಾಸನಸಭೆಗಳ ಖಜಾನೆ ಲೆಕ್ಕ

1777ರಲ್ಲಿ, ಬ್ರಿಟನ್ ವಿರುದ್ಧದ ಯುದ್ಧ ನಡೆಯುತ್ತಿದ್ದಾಗ, ಸೌತ್ ಕೆರೊಲಿನಾದ ವರ್ತಕ ರಾಬರ್ಟ್ ಫರ್ಕರ್ ಜಾರ್ಜಿಯಾ ರಾಜ್ಯಕ್ಕೆ ಸರಕು ಒದಗಿಸಿದ. ರಾಜ್ಯ ಹಣವನ್ನು ತನ್ನ ಏಜೆಂಟರ ಕೈಗೆ ಕೊಟ್ಟಿತು. ಅದು ಫರ್ಕರ್‌ಗೆ ಮುಟ್ಟಲಿಲ್ಲ. 1784ರಲ್ಲಿ ಅವನು ತೀರಿಕೊಂಡ ಮೇಲೆ ಉಯಿಲಿನ ನಿರ್ವಾಹಕ ಅಲೆಕ್ಸಾಂಡರ್ ಚಿಸಮ್ ಅರ್ಜಿ ಹಿಡಿದು ಶಾಸನಸಭೆಗೆ ಹೋದ. ನಾವು ಕೊಡಬೇಕಾದ್ದನ್ನು ಕೊಟ್ಟಾಗಿದೆ ಎಂಬುದೇ ರಾಜ್ಯದ ವಾದ. ಅರ್ಜಿ ಬಿದ್ದುಹೋಯಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 1793ರ ಫೆಬ್ರವರಿಯಲ್ಲಿ ಚಿಸಮ್ ಪರ ತೀರ್ಪು ಬಂತು. ಅದನ್ನು ಜಾರಿ ಮಾಡಲು ಬಂದವರನ್ನು ಗಲ್ಲಿಗೇರಿಸಬೇಕೆಂಬ ಮಸೂದೆಯನ್ನೇ ಜಾರ್ಜಿಯಾದ ಕೆಳಮನೆ ಅಂಗೀಕರಿಸಿತು! ಅದು ಕಾನೂನಾಗಲಿಲ್ಲ. ಆದರೆ 1795ರಲ್ಲಿ ರಾಜ್ಯಗಳ ಅನುಮೋದನೆ ಪಡೆದ ಸಂವಿಧಾನದ ಹನ್ನೊಂದನೇ ತಿದ್ದುಪಡಿ ಇಂಥ ದಾವೆಗಳಿಗೆ ಬಾಗಿಲು ಹಾಕಿತು.

ಹೀಗಾಗಿ ಸರ್ಕಾರದಿಂದ ಹಣ ಬರಬೇಕಾದವರಿಗೆ ಬಹುತೇಕ ಉಳಿದದ್ದು ಒಂದೇ ದಾರಿ, ಶಾಸನಸಭೆಗೆ ಅರ್ಜಿ. ಸೈನ್ಯ ಒಯ್ದ ಕುದುರೆ, ಗಾಯಾಳುವಿನ ಚಿಕಿತ್ಸೆ, ಮುದ್ರಕನ ಬಿಲ್ಲು, ಎಲ್ಲವೂ ಅಲ್ಲಿಗೇ. ಅರ್ಜಿಯ ಜೊತೆ ರಸೀದಿ, ಅಧಿಕಾರಿ ಬರೆದುಕೊಟ್ಟ ಚೀಟಿ ಅಥವಾ ಸಾಕ್ಷಿಯ ಪ್ರಮಾಣಪತ್ರ ಇರಬೇಕು. ಕ್ಲೇಮುಗಳ ಸಮಿತಿ ಅದನ್ನು ನೋಡಿ ವರದಿ ಕೊಡುತ್ತಿತ್ತು. ಸಭೆ ಒಪ್ಪಿದರೆ ಠರಾವು. ಮ್ಯಾಸಚೂಸೆಟ್ಸ್‌ನಲ್ಲಿ ಅಷ್ಟಕ್ಕೇ ಹಣ ಕೈಗೆ ಬರುತ್ತಿರಲಿಲ್ಲ: 1780ರ ಸಂವಿಧಾನದ ಪ್ರಕಾರ ಗವರ್ನರ್ ತನ್ನ ಕೌನ್ಸಿಲಿನ ಒಪ್ಪಿಗೆ ಪಡೆದು ವಾರಂಟಿಗೆ, ಅಂದರೆ ಹಣ ಕೊಡುವ ಆದೇಶಕ್ಕೆ, ಸಹಿ ಹಾಕಿದ ಮೇಲೆಯೇ ಖಜಾನೆ ತೆರೆಯಬೇಕು.

ಆ ರಾಜ್ಯ ಅಚ್ಚು ಹಾಕಿಸಿದ ಠರಾವುಗಳ ಸಂಪುಟಗಳನ್ನು ತೆರೆದರೆ ಆಡಳಿತದ ಒಳಗನ್ನೇ ಕಂಡಂತಾಗುತ್ತದೆ. ಲೆಕ್ಕಪತ್ರ ಸಮಿತಿ ಬಿಲ್ಲುಗಳನ್ನೆಲ್ಲ ಒಟ್ಟುಗೂಡಿಸಿ ನಂಬರು ಹಾಕಿದ ‘ರೋಲ್’ ಮಾಡುತ್ತಿತ್ತು. ಬಡವರ ಪೋಷಣೆಗೆ ಒಂದು ವಿಭಾಗ, ಮಿಲಿಷಿಯಾ ಎಂಬ ನಾಗರಿಕ ಪಡೆಗೆ ಒಂದು, ಶೆರೀಫರು ಮತ್ತು ಶವತನಿಖೆ ಮಾಡುವ ಕರೋನರ್‌ಗಳಿಗೆ ಒಂದು, ಮುದ್ರಕರಿಗೆ ಒಂದು, ಉಳಿದದ್ದಕ್ಕೆ ಇನ್ನೊಂದು. ಸಭೆಯ ಜವಾನ ಜೇಕಬ್ ಕೂನ್‌ಗೆ ಉರುವಲು ಕೊಳ್ಳಲು ಹಣ ಕೊಡುವುದಕ್ಕೂ ಪ್ರತ್ಯೇಕ ಠರಾವು. ಇದು ಜಿಪುಣತನವಲ್ಲ. ರಾಜನ ಗವರ್ನರ್‌ಗಳೊಡನೆ ಖಜಾನೆಗಾಗಿ ದಶಕಗಟ್ಟಲೆ ಜಗಳವಾಡಿದ್ದ ಜನ ಒಂದು ಬಿಡಿಗಾಸನ್ನೂ ಕೈಬಿಡಲು ಸಿದ್ಧರಿರಲಿಲ್ಲ.

ಈ ರೋಲ್‌ಗಳಲ್ಲಿ ಬಡವರ ಲೆಕ್ಕ ನಿಜಕ್ಕೂ ಗಮನಿಸಬೇಕಾದದ್ದು. ಯಾವ ಊರಿನಲ್ಲೂ ಕಾನೂನುಬದ್ಧ ನೆಲೆ ಇಲ್ಲದ ಬಡವರನ್ನು ಅವರು ಇದ್ದ ಊರು ಸಾಕಬೇಕು, ಊಟ-ಬಟ್ಟೆಯ ಬಿಲ್ಲನ್ನು ರಾಜ್ಯಕ್ಕೆ ಕಳಿಸಬೇಕು. ಸ್ವಂತ ಬಡವರ ಖರ್ಚು ಮಾತ್ರ ಊರಿನ ತಲೆಯ ಮೇಲೆ. ಆದ್ದರಿಂದ ಒಬ್ಬ ಬಡವನನ್ನು ‘ನಮ್ಮವನಲ್ಲ’ ಎಂದು ತೋರಿಸಿದಷ್ಟೂ ಊರಿಗೆ ಲಾಭ. ಬಾಸ್ಟನ್ನಿನಲ್ಲಿ ಕುಳಿತ ಸಮಿತಿ ದೂರದ ಊರಿನ ಮುದುಕಿಯ ಮೂಲವನ್ನು ಎಲ್ಲಿಂದ ಪತ್ತೆ ಮಾಡೀತು?

ನ್ಯೂಜೆರ್ಸಿಯಲ್ಲಿ ಆದದ್ದು ಇನ್ನೂ ಕೆಟ್ಟದ್ದು. 1804ರ ಕಾನೂನಿನಂತೆ ಗುಲಾಮ ತಾಯಂದಿರಿಗೆ ಹುಟ್ಟಿದ ಮಕ್ಕಳು ಹುಟ್ಟಿನಿಂದಲೇ ಸ್ವತಂತ್ರರು. ಆದರೆ ಗಂಡಾದರೆ 25, ಹೆಣ್ಣಾದರೆ 21 ವರ್ಷದವರೆಗೆ ಒಡೆಯನಿಗೆ ದುಡಿಯಬೇಕು. ಬೇಡವೆನಿಸಿದರೆ ಒಡೆಯ ಆ ಮಗುವನ್ನು ಕೈಬಿಡಬಹುದಿತ್ತು, ಪೋಷಣೆಯ ಹಣ ರಾಜ್ಯದ ಖಜಾನೆಯಿಂದ ಹೋಗುತ್ತಿತ್ತು. ಕೈಬಿಟ್ಟ ಒಡೆಯನ ಮನೆಯಲ್ಲೇ ಮಗುವನ್ನು ಉಳಿಸಿ, ಅದನ್ನು ಸಾಕಿದ್ದಕ್ಕೆ ಅವನಿಗೇ ಹಣ ಹೋಗುವ ಸ್ಥಿತಿ ಬಂತು. ಖಜಾನೆಗೆ ತಡೆಯಲಾಗದೆ 1811ರಲ್ಲಿ ಆ ಪಾವತಿ ನಿಂತಿತು. ಮಕ್ಕಳ ಹೆಸರಲ್ಲಿ ಒಡೆಯರ ಜೇಬು ತುಂಬಿದ ಈ ಏರ್ಪಾಟು ನನ್ನ ದೃಷ್ಟಿಯಲ್ಲಿ ಆ ಕಾಲದ ಅತ್ಯಂತ ನಾಚಿಕೆಗೇಡಿನ ಲೆಕ್ಕ.

ಕಳ್ಳ ಕಾಗದದ ಕಾಟವೂ ಇತ್ತು. ಸೌತ್ ಕೆರೊಲಿನಾ ಯುದ್ಧದ ಬಾಕಿಗೆ ‘ಇಂಡೆಂಟ್’ ಎಂಬ ಸಾಲಪತ್ರ ಕೊಟ್ಟಿತು. ಪುಸ್ತಕದಿಂದ ಅದನ್ನು ನೇರವಾಗಿ ಹರಿಯದೆ ಅಂಕುಡೊಂಕಾಗಿ ಕತ್ತರಿಸಿ, ಮೋಟು ತುಂಡನ್ನು ಕಚೇರಿಯಲ್ಲೇ ಇಟ್ಟುಕೊಳ್ಳುತ್ತಿದ್ದರು. ಪತ್ರ ಮರಳಿ ಬಂದಾಗ ಎರಡೂ ಅಂಚು ಕೂಡಿದರೆ ಅಸಲಿ.

ಈ ಪದ್ಧತಿಯ ಮೂಲದೋಷಗಳು ಬೇರೆಯೇ. ಸಮಿತಿ ನೋಡುತ್ತಿದ್ದುದು ಹೆಚ್ಚಾಗಿ ಅರ್ಜಿದಾರ ತಂದ ಕಾಗದ. ರಾಜ್ಯದ ಪರವಾಗಿ ಪಾಟೀಸವಾಲು ಮಾಡುವವರು ಇರುತ್ತಿರಲಿಲ್ಲ. ಅಧಿವೇಶನ ಮುಗಿದರೆ ಅರ್ಜಿ ಅಲ್ಲೇ ನಿಲ್ಲುತ್ತಿತ್ತು. ಇತ್ತ, ತಿರಸ್ಕೃತ ಕ್ಲೇಮಿಗೂ ಸಾವಿಲ್ಲ: ಮುಂದಿನ ಸಭೆಗೆ ಹೊಸ ಸದಸ್ಯರು ಬಂದರೆ ಅದೇ ಅರ್ಜಿ ಮತ್ತೆ ಹಾಜರು.

ಕೆಲವು ರಾಜ್ಯಗಳು ಬೇಗ ಎಚ್ಚೆತ್ತವು. ವರ್ಜೀನಿಯಾ 1778ರಲ್ಲೇ, ಆಡಿಟರ್ ತಳ್ಳಿಹಾಕಿದ ಕ್ಲೇಮನ್ನು ಕೋರ್ಟಿಗೆ ಒಯ್ಯಲು ಅವಕಾಶ ಕೊಟ್ಟಿತು. ಪೆನ್ಸಿಲ್ವೇನಿಯಾ 1782ರಲ್ಲಿ ಲೆಕ್ಕ ಪರಿಶೀಲಿಸುವ ಕಂಟ್ರೋಲರ್ ಜನರಲ್ ಹುದ್ದೆ ಸೃಷ್ಟಿಸಿತು. ನ್ಯೂಯಾರ್ಕ್ 1797ರಲ್ಲಿ ಕಂಟ್ರೋಲರನನ್ನು ನೇಮಿಸಿತು, 1821ರ ಸಂವಿಧಾನದಲ್ಲಿ ಖಾಸಗಿ ಇಲ್ಲವೇ ಸ್ಥಳೀಯ ಉದ್ದೇಶಕ್ಕೆ ಹಣ ಕೊಡುವ ಮಸೂದೆಗೆ ಮೂರನೇ ಎರಡು ಬಹುಮತ ಬೇಕೆಂದಿತು. ಅದೂ ಸಾಲಲಿಲ್ಲ. 1874ರ ತಿದ್ದುಪಡಿಯಲ್ಲಿ, ರಾಜ್ಯದ ಮೇಲಿನ ಖಾಸಗಿ ಕ್ಲೇಮನ್ನು ಶಾಸನಸಭೆ ಪರಿಶೀಲಿಸುವಂತೆಯೂ ಇಲ್ಲ, ಮಂಜೂರು ಮಾಡುವಂತೆಯೂ ಇಲ್ಲ ಎಂದು ನಿರ್ಬಂಧಿಸಿತು. 1883ರಲ್ಲಿ ಆ ಕೆಲಸ ಕ್ಲೇಮುಗಳ ಮಂಡಳಿಯ ಪಾಲಾಯಿತು. 1897ರಲ್ಲಿ ಮಂಡಳಿಯ ಜಾಗಕ್ಕೆ ನ್ಯಾಯಾಲಯವೇ ಬಂತು.