ಕಡಲಿಗೆ ಇಳಿಯುವ ಮುನ್ನ ಸಿಗುವ ಹೊತ್ತು

ಗೊರೂರಿನ ಹಿನ್ನೀರಿನಲ್ಲೋ ಊರ ಕಲ್ಯಾಣಿಯಲ್ಲೋ ಈಜು ಕಲಿತವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಮೇಲಿಂದ ಹಾರಿ ಮೈ ಚಪ್ಪಟೆಯಾಗಿ ಬಿದ್ದರೆ ಹೊಟ್ಟೆ ಕೆಂಪಗೆ ಉರಿಯುತ್ತದೆ. ಅದೇ ನೀರಿಗೆ ಕೈ ಚಾಚಿ ಓರೆಯಾಗಿ ಇಳಿದರೆ ಏನೂ ಆಗದು. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ವೇಗವಾಗಿ ಬಂದ ವಸ್ತುವಿಗೆ ಸರಿದು ಜಾಗ ಬಿಡಲು ಅದಕ್ಕೆ ಪುರುಸೊತ್ತಿರುವುದಿಲ್ಲ. ವೇಗ ಎರಡರಷ್ಟಾದರೆ ಪೆಟ್ಟು ನಾಲ್ಕರಷ್ಟಾಗುತ್ತದೆ.

ವಿಮಾನಕ್ಕೂ ಇದೇ ಲೆಕ್ಕ. ಕಡಲಿಗೆ ಇಳಿಯಲೇಬೇಕಾದಾಗ ಪೈಲಟ್ ಚಕ್ರಗಳನ್ನು ಮಡಚಿಯೇ ಇಡುತ್ತಾನೆ, ಏಕೆಂದರೆ ಚಕ್ರ ನೀರಿಗೆ ಸಿಕ್ಕಿಕೊಂಡರೆ ಮೂತಿ ಮುಂದಕ್ಕೆ ಮುಗ್ಗರಿಸುತ್ತದೆ. ವೇಗ ಆದಷ್ಟೂ ತಗ್ಗಬೇಕು, ಮೂತಿ ತುಸು ಮೇಲಿರಬೇಕು, ಎರಡು ರೆಕ್ಕೆಗಳೂ ಸಮವಾಗಿರಬೇಕು. ಒಂದು ರೆಕ್ಕೆಯ ತುದಿ ಮೊದಲು ತಾಗಿದರೆ ವಿಮಾನ ಗಿರಕ್ಕನೆ ತಿರುಗಿಬಿಡುತ್ತದೆ. ದೊಡ್ಡ ಅಲೆಗಳಿದ್ದರೆ ಅವಕ್ಕೆ ಎದುರಾಗದೆ, ಅವುಗಳ ಉದ್ದಕ್ಕೆ ಸಮಾನಾಂತರವಾಗಿ ಇಳಿಯಬೇಕು.

ಇಷ್ಟನ್ನೆಲ್ಲ ಸರಿಯಾಗಿ ಮಾಡಲು ಬೇಕಾದದ್ದು ಸಮಯ. ಯಂತ್ರ ಕೆಟ್ಟಮೇಲೆ ಸಮಯವನ್ನು ಸಂಪಾದಿಸಬೇಕಾಗುತ್ತದೆ. ಇದನ್ನು 1956ರ ಅಕ್ಟೋಬರ್ 16ರ ಘಟನೆಯಷ್ಟು ಚೆನ್ನಾಗಿ ಬೇರಾವುದೂ ತೋರಿಸುವುದಿಲ್ಲ ಎಂಬುದು ನನ್ನ ಭಾವನೆ.

ಪ್ಯಾನ್ ಆ್ಯಮ್ ಕಂಪನಿಯ ನಾಲ್ಕು ಎಂಜಿನ್‌ಗಳ ಬೋಯಿಂಗ್ 377 ವಿಮಾನ ರಾತ್ರಿ ಹೊನೊಲುಲುವಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿತ್ತು. ಒಳಗೆ 31 ಜನ. ಪೆಸಿಫಿಕ್ ಸಾಗರದ ನಡುವೆ ಒಂದನೇ ಎಂಜಿನ್ ಮಿತಿಮೀರಿ ತಿರುಗತೊಡಗಿತು. ಕೆಟ್ಟ ಎಂಜಿನ್ನಿನ ಪ್ರೊಪೆಲ್ಲರ್ ಅಲಗುಗಳನ್ನು ಅಂಚು ಗಾಳಿಗೆ ಎದುರಾಗುವಂತೆ ತಿರುಗಿಸುವ ಏರ್ಪಾಡೊಂದಿರುತ್ತದೆ. ಅದಕ್ಕೆ ಫೆದರಿಂಗ್ ಎನ್ನುತ್ತಾರೆ. ಆಗ ಅಲಗು ಗಾಳಿಯನ್ನು ಸೀಳಿಕೊಂಡು ಸುಮ್ಮನಿರುತ್ತದೆ. ಆ ರಾತ್ರಿ ಅದು ಕೆಲಸ ಮಾಡಲಿಲ್ಲ. ಎಂಜಿನ್ನಿಗೆ ಕೀಲೆಣ್ಣೆ ನಿಲ್ಲಿಸಿ ಅದು ಬಿಗಿದುಕೊಳ್ಳುವಂತೆ ಮಾಡಿದರೂ ಪ್ರೊಪೆಲ್ಲರ್ ಗಾಳಿಗೆ ತಿರುಗುತ್ತಲೇ ಇದ್ದು ವಿಮಾನವನ್ನು ಹಿಂದಕ್ಕೆ ಜಗ್ಗುತ್ತಿತ್ತು. ಮೇಲಾಗಿ ನಾಲ್ಕನೇ ಎಂಜಿನ್ನೂ ಕೈಕೊಟ್ಟಿತು. ಉಳಿದ ಇಂಧನ ಮುಂದಿನ ದಡಕ್ಕೂ ಸಾಲದು, ಹಿಂದಿನ ದ್ವೀಪಕ್ಕೂ ಸಾಲದು.

ಕ್ಯಾಪ್ಟನ್ ರಿಚರ್ಡ್ ಆಗ್ ಅವರು ಅವಸರಪಡಲಿಲ್ಲ. ಆ ಭಾಗದಲ್ಲಿ ಕಾವಲಿಗಿದ್ದ ಅಮೆರಿಕದ ಕೋಸ್ಟ್ ಗಾರ್ಡ್ ಹಡಗು ಪಾಂಚರ್ಟ್ರೇನ್‌ನ ಸುತ್ತ ಬೆಳಗಾಗುವ ತನಕ ಸುತ್ತು ಹಾಕುತ್ತಾ ಉಳಿದರು. ಇದರಿಂದ ಎರಡು ಲಾಭ. ಇಂಧನ ಉರಿದು ವಿಮಾನ ಹಗುರಾದಷ್ಟೂ ಇನ್ನೂ ಕಡಿಮೆ ವೇಗದಲ್ಲಿ ಇಳಿಯಬಹುದು. ಬೆಳಕು ಬಂದರೆ ನೀರು ಕಾಣುತ್ತದೆ. ಹಿಂದಿನ ವರ್ಷವಷ್ಟೇ, 1955ರ ಮಾರ್ಚ್‌ನಲ್ಲಿ, ಇದೇ ಮಾದರಿಯ ವಿಮಾನ ಆರೆಗನ್ ಕರಾವಳಿಯಾಚೆ ಕಡಲಿಗಿಳಿದಾಗ ಬಾಲದ ಭಾಗ ಮುರಿದಿತ್ತು. ಅದು ನೆನಪಿದ್ದ ಆಗ್ ಹಿಂದಿನ ಸೀಟುಗಳಲ್ಲಿದ್ದವರನ್ನೆಲ್ಲ ಮುಂದಕ್ಕೆ ಕೂರಿಸಿದರು.

ಬೆಳಗಾದ ಮೇಲೆ ಹಡಗಿನವರು ನೀರಿನ ಮೇಲೆ ಉದ್ದಕ್ಕೆ ನೊರೆಯ ದಾರಿ ಬಿಡಿಸಿದರು. ಅದು ಮೆತ್ತಗಾಗಲೆಂದು ಹಾಕಿದ್ದಲ್ಲ, ಕಣ್ಣಿಗೆ ಗುರುತು ಸಿಗಲೆಂದು. ಗಾಳಿಯಿಲ್ಲದ ಬೆಳಗ್ಗೆ ಹೇಮಾವತಿ ಹಿನ್ನೀರನ್ನು ಎತ್ತರದ ದಿಬ್ಬದಿಂದ ನೋಡಿದರೆ ನೀರಿನ ಮಟ್ಟ ಎಲ್ಲಿದೆಯೆಂದೇ ತಿಳಿಯದು, ಆಕಾಶವಷ್ಟೇ ಕಾಣುತ್ತದೆ. ಇಂಥ ನೀರಿನ ಮೇಲೆ ತಾನು ಎಷ್ಟು ಅಡಿ ಎತ್ತರದಲ್ಲಿದ್ದೇನೆಂದು ಪೈಲಟ್ಟಿಗೂ ಅಂದಾಜು ತಪ್ಪುತ್ತದೆ. ನೊರೆಯ ಗೆರೆ ಆ ಅಂದಾಜು ಕೊಡುತ್ತದೆ.

ನೀರಿಗೆ ತಾಗಿದ ವಿಮಾನ ಗಿರ್ರನೆ ತಿರುಗಿತು, ಬಾಲ ಮುರಿದುಬಿತ್ತು. ಅಲ್ಲಿ ಯಾರೂ ಇರಲಿಲ್ಲ. 31 ಜನರೂ ತೆಪ್ಪಗಳಿಗೆ ಇಳಿದು ಬದುಕಿದರು. ಸುಮಾರು ಇಪ್ಪತ್ತು ನಿಮಿಷದಲ್ಲಿ ವಿಮಾನ ಮುಳುಗಿತು. ಇಷ್ಟು ಶಾಂತವಾಗಿ ಯೋಚಿಸಿ ಮಾಡಿದ ಕೆಲಸದ ಬಗ್ಗೆ ಓದಿದಾಗಲೆಲ್ಲ ನನಗೆ ಗೌರವ ಮೂಡುತ್ತದೆ.

2005ರ ಆಗಸ್ಟ್ 6ರಂದು ಟುನಿಂಟರ್ ಕಂಪನಿಯ ವಿಮಾನಕ್ಕೆ ಇಂಥ ರಾತ್ರಿ ಸಿಗಲಿಲ್ಲ. ಅದು ಎಟಿಆರ್ 72 ಎಂಬ, ಎರಡು ಪ್ರೊಪೆಲ್ಲರ್‌ಗಳ ವಿಮಾನ. ನಮ್ಮ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿದ್ದು ಇದಕ್ಕಿಂತ ಚಿಕ್ಕದಾದ ಎಟಿಆರ್ 42 ವಿಮಾನಗಳಿಂದ, ಹಾಗಾಗಿ ನಮ್ಮ ಕಡೆಯ ಎಷ್ಟೋ ಜನ ಮೊದಲ ಸಲ ಹಾರಿದ್ದು ಅದರಲ್ಲೇ. ಎರಡೂ ಒಂದೇ ಕುಟುಂಬದವು, ಆದರೆ ಟ್ಯಾಂಕಿನ ಲೆಕ್ಕ ಬೇರೆ. ದುರಸ್ತಿಯ ವೇಳೆ 72ಕ್ಕೆ 42ರ ಇಂಧನ ಮಾಪಕವನ್ನು ಜೋಡಿಸಿಬಿಟ್ಟಿದ್ದರು. ಟ್ಯಾಂಕ್ ಬರಿದಾಗುತ್ತಿದ್ದರೂ ಮಾಪಕ ಬೇಕಾದಷ್ಟಿದೆ ಎನ್ನುತ್ತಿತ್ತು. ಇಟಲಿಯ ಬಾರಿಯಿಂದ ಟ್ಯುನೀಷಿಯದ ಜೆರ್ಬಾಗೆ ಹೋಗುವ ದಾರಿಯಲ್ಲಿ ಎರಡೂ ಎಂಜಿನ್ ನಿಂತವು. ಮಾಪಕ ನಂಬಿದ ಪೈಲಟ್‌ಗಳು ಎಂಜಿನ್ ಮತ್ತೆ ಚಾಲೂ ಮಾಡಲು ಯತ್ನಿಸುತ್ತಲೇ ಇದ್ದರು, ಪ್ರೊಪೆಲ್ಲರ್‌ಗಳನ್ನು ಫೆದರ್ ಮಾಡಲಿಲ್ಲ. ಗಾಳಿಯಲ್ಲಿ ತೇಲಿಕೊಂಡು ಇನ್ನಷ್ಟು ದೂರ ಹೋಗಬಹುದಿದ್ದ ವಿಮಾನವನ್ನು ಅಲಗುಗಳು ಜಗ್ಗಿದವು. ಕೈಯಲ್ಲಿದ್ದದ್ದು ಸುಮಾರು ಕಾಲು ಗಂಟೆ. ಇಳಿಯಲೆಂದು ಹೊರಟಿದ್ದ ಇಟಲಿಯ ಪಲೆರ್ಮೊ ನಿಲ್ದಾಣ ತಲುಪುವ ಮೊದಲೇ ಕಡಲಿಗೆ ಬಿದ್ದ ವಿಮಾನ ತುಂಡಾಯಿತು. 39 ಜನರಲ್ಲಿ 16 ಮಂದಿ ಸತ್ತರು.

ಶಿರಾಡಿ ಇಲ್ಲವೇ ಚಾರ್ಮಾಡಿ ಇಳಿದು ಮಂಗಳೂರಿನಿಂದ ದುಬೈಗೋ ಮಸ್ಕತ್ತಿಗೋ ಹೋಗುವ ಹಾಸನ, ಚಿಕ್ಕಮಗಳೂರಿನವರು ಹೆದರಬೇಕಿಲ್ಲ. ಎರಡು ಎಂಜಿನ್‌ಗಳ ಜೆಟ್ ಒಂದೇ ಎಂಜಿನ್ನಿನಲ್ಲಿ ಹಾರಿಕೊಂಡು ಹತ್ತಿರದ ನಿಲ್ದಾಣ ಸೇರಬಲ್ಲದು. ಎರಡೂ ನಿಂತರೂ ಪೂರ್ಣ ಎತ್ತರದಿಂದ ನೂರೈವತ್ತು ಕಿಲೋಮೀಟರಿನಷ್ಟು ತೇಲಿ ಸಾಗಬಲ್ಲದು. ಆದರೆ ಸೀಟಿನಡಿಯ ಲೈಫ್ ಜಾಕೆಟ್ ಬಗ್ಗೆ ಗಗನಸಖಿ ಹೇಳುವ ಒಂದು ಮಾತನ್ನು ದಯವಿಟ್ಟು ಕಿವಿಗೊಟ್ಟು ಕೇಳಿ: ಒಳಗಿರುವಾಗ ಊದಿಸಬೇಡಿ. 1996ರಲ್ಲಿ ಅಪಹರಣಕ್ಕೊಳಗಾದ ಇಥಿಯೋಪಿಯನ್ ವಿಮಾನ ಇಂಧನ ಮುಗಿದು ಕೊಮೊರೊಸ್ ದ್ವೀಪದ ಬಳಿ ಕಡಲಿಗೆ ಬಿದ್ದಾಗ, ಪೆಟ್ಟಿನಿಂದ ಪಾರಾದ ಹಲವರು ಜಾಕೆಟ್ ಮೊದಲೇ ಊದಿಸಿಕೊಂಡಿದ್ದರು. ನೀರು ತುಂಬಿದ ವಿಮಾನದೊಳಗೆ ಅದು ಅವರನ್ನು ಚಾವಣಿಗೆ ಒತ್ತಿ ಹಿಡಿಯಿತು. ಹೊರಹೋಗುವ ಬಾಗಿಲು ನೀರಿನಡಿ ಇತ್ತು. ಊದಿದ ಜಾಕೆಟ್ ತೊಟ್ಟವರಿಗೆ ಅಲ್ಲಿಗೆ ಮುಳುಗಿ ಹೋಗಲಾಗಲಿಲ್ಲ.